ಬರೆಯುವವರು ಬರೆಯುವವರನ್ನೇ ಓದುತ್ತಾ ಕೂತರೆ ಓದುಗರು ಹೆಚ್ಚುತ್ತಾರಾ? ಅನುಭವ ಇದ್ದವರು ಹೇಳಿ

ಅಪ್ಪೆಮಿಡಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮೊಬೈಲಿನಲ್ಲೇ ಕಥೆ ಬರೆದು ಒಂದು ಆ್ಯಪ್‌ಗೆ ಹಾಕುತ್ತಿದ್ದೇನೆ. ಇದುವರೆಗೆ 31 ಕಥೆ ಆಗಿವೆ. ಒಂದು ಕಥೆಗೆ 40-50 ಜನ ಓದುಗರು. ಅದರಲ್ಲಿ ಅರ್ಧ ಜನ ನಮ್ಮ ನೆಂಟರೇ.

ಕಳೆದ ವರ್ಷ ಪರಿಚಯದವರೊಬ್ಬರು ನನ್ನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಅಲ್ಲಿ ಎಲ್ಲರೂ ಬರೆಯುವವರೇ. ಸುಮಾರು 60 ಜನ. ನಿಯಮ ಒಂದೇ. ಯಾರು ಕಥೆಯ ಲಿಂಕ್ ಹಾಕಿದರೂ ಉಳಿದವರು ಅದೇ ದಿನ ಹೋಗಿ 5 ಸ್ಟಾರ್ ಕೊಡಬೇಕು, ಒಂದು ಸಾಲು ಬರೆಯಬೇಕು, ವಾಪಸ್ ಬಂದು ಗುಂಪಿನಲ್ಲಿ ‘ಆಯಿತು’ ಅಂತ ಹಾಕಬೇಕು. ಮೊದಮೊದಲು ಖುಷಿಯಾಯಿತು. ನನ್ನ ಕಥೆಗಳ ಕೆಳಗೆ ‘ಸೂಪರ್’, ‘ಅದ್ಭುತ’, ‘ಮನ ಮುಟ್ಟಿತು ಮೇಡಂ’ ಅಂತ ಸಾಲು ಸಾಲು. ಮನೆಯವರಿಗೆಲ್ಲ ತೋರಿಸಿದ್ದೆ.

ಆಮೇಲೆ ಒಂದು ದಿನ ಹೀಗಾಯಿತು. ಅತ್ತೆಯ ಉಪ್ಪಿನಕಾಯಿ ಭರಣಿಯ ಮೇಲೆ ಒಂದು ಉದ್ದನೆಯ ಕಥೆ ಬರೆದಿದ್ದೆ. ಕಾಪಿ ಮಾಡಿ ಹಾಕುವಾಗ ಕೊನೆಯ ಮುಕ್ಕಾಲು ಪುಟ ಬಿಟ್ಟುಹೋಯಿತು. ಕಥೆ ವಾಕ್ಯದ ನಡುವೆಯೇ ನಿಂತುಬಿಟ್ಟಿತ್ತು. ‘ಅತ್ತೆ ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ದಾರ ಬಿಗಿಯುತ್ತಾ’. ಅಷ್ಟೇ. ಹಾಕಿ ಎರಡು ನಿಮಿಷ ಆಗಿರಲಿಲ್ಲ, 11 ಜನ 5 ಸ್ಟಾರ್ ಕೊಟ್ಟಿದ್ದರು. ಇಬ್ಬರು ‘ಅಂತ್ಯ ಸೂಪರ್’ ಅಂತಲೂ ಬರೆದಿದ್ದರು. ಮರುದಿನ ಸಂಜೆ ನಾನೇ ನೋಡಿ ಸರಿ ಮಾಡಿದೆ. ಅಲ್ಲಿಯವರೆಗೆ ಕಥೆ ಅರ್ಧಕ್ಕೇ ನಿಂತಿದೆ ಅಂತ ಒಬ್ಬರೂ ಹೇಳಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವರ ಮೇಲೆ ಸಿಟ್ಟಲ್ಲ. ನಾನೂ ಅದನ್ನೇ ಮಾಡುತ್ತಿದ್ದೆನಲ್ಲ ಅನ್ನುವುದು ಚುಚ್ಚಿತು. ದಿನಕ್ಕೆ ಹತ್ತು ಹನ್ನೆರಡು ಲಿಂಕ್ ಬರುತ್ತಿದ್ದವು. ಒಗ್ಗರಣೆ ಹಾಕುತ್ತಾ, ಇನ್ನೊಂದು ಕೈಯಲ್ಲಿ ಸ್ಟಾರ್ ಒತ್ತುತ್ತಿದ್ದೆ. ಅದರಲ್ಲಿ ಎಷ್ಟು ಒಳ್ಳೆಯ ಕಥೆಗಳಿದ್ದವೋ, ಒಂದನ್ನೂ ಓದಲಿಲ್ಲ. ಗುಂಪು ಬಿಟ್ಟೆ. ಈಗ ಮತ್ತೆ ಅದೇ 40 ಜನ.

ಹೊಸಬರಿಗೆ ಎಲ್ಲರೂ ಹೇಳುವ ಮಾತು ‘ಬೇರೆ ಬರಹಗಾರರ ಜೊತೆ ಒಡನಾಟ ಇಟ್ಟುಕೊಳ್ಳಿ, ಓದುಗರು ಹೆಚ್ಚುತ್ತಾರೆ’ ಅಂತ. ನಾನು ನೋಡಿದ ಒಡನಾಟ ಇದು. ಬೇರೆ ದಾರಿ ಇದೆಯಾ? ನಿಜವಾಗಿ ಓದುಗರು ಬಂದವರು ಯಾರಾದರೂ ಇದ್ದೀರಾ? ಇದ್ದರೆ ಏನು ಮಾಡಿದಿರಿ ಅಂತ ಬಿಡಿಸಿ ಹೇಳಿ.

ಹಳೇಬ್ಲಾಗು, ಬೆಂಗಳೂರು

ಮೇಡಂ, ನಿಮ್ಮ ಪತ್ರ ಓದಿ ಮನಸ್ಸಿಗೆ ಕಷ್ಟವಾಯಿತು. ಆದರೆ ಆ ಮಾತೇ ಸುಳ್ಳು ಅಂದುಕೊಳ್ಳಬೇಡಿ. ನಿಮಗೆ ಸಿಕ್ಕಿದ್ದು ಲೆಕ್ಕ ಚುಕ್ತಾ ಮಾಡುವ ಗುಂಪು. ಒಡನಾಟ ಬೇರೆ.

ನಾನು 2006ರಲ್ಲಿ ಬ್ಲಾಗ್ ಶುರು ಮಾಡಿದವನು. ಆಗ ಎಷ್ಟೋ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿ, ಯೂನಿಕೋಡ್‌ಗೆ ಬದಲಾಯಿಸಿ ಹಾಕುತ್ತಿದ್ದೆವು. ‘ಸಂಪದ’ ಅನ್ನುವ ಕನ್ನಡ ಜಾಲತಾಣ 2005ರಲ್ಲಿ ಶುರುವಾಗಿತ್ತು. ನಮ್ಮಂಥವರು ಅಂತರ್ಜಾಲದಲ್ಲಿ ಕನ್ನಡ ಬರೆಯುವುದನ್ನು, ಬರೆದದ್ದರ ಬಗ್ಗೆ ಮಾತಾಡುವುದನ್ನು ಅಲ್ಲೇ ಕಲಿತದ್ದು. ಕನ್ನಡದಲ್ಲಿ ಏನಾದರೂ ಹುಡುಕಿಕೊಂಡು ಬರುವವರು ಆಗ ತೀರಾ ಕಡಿಮೆ. ಹಾಗಾದರೆ ಓದುಗರು ಬರುತ್ತಿದ್ದದ್ದು ಎಲ್ಲಿಂದ? ಇನ್ನೊಬ್ಬರ ಬ್ಲಾಗಿನಿಂದ.

ಅದು ನಡೆಯುತ್ತಿದ್ದ ರೀತಿ ಹೇಳುತ್ತೇನೆ. ಬ್ಲಾಗಿನಲ್ಲಿ ನೀವು ಕಾಮೆಂಟ್ ಬರೆದರೆ ನಿಮ್ಮ ಹೆಸರನ್ನು ಒತ್ತಿದವರು ನೇರ ನಿಮ್ಮ ಬ್ಲಾಗಿಗೆ ಬರುತ್ತಿದ್ದರು. ಬರೆಯುವವರು ಹತ್ತು ಜನ ಇದ್ದರೆ ಸುಮ್ನೆ ಓದಿಕೊಂಡು ಹೋಗುವವರು ಅದಕ್ಕಿಂತ ಎಷ್ಟೋ ಜಾಸ್ತಿ. ಅವರು ಏನೂ ಬರೆಯುವುದಿಲ್ಲ, ಆದರೆ ಕಾಮೆಂಟುಗಳನ್ನು ಓದುತ್ತಾರೆ. ‘ಈ ಮನುಷ್ಯ ಚೆನ್ನಾಗಿ ಮಾತಾಡುತ್ತಾನಲ್ಲ, ಇವನದೂ ಏನಾದರೂ ಇದೆಯಾ ನೋಡೋಣ’ ಅಂತ ಬರುತ್ತಾರೆ. ನೀವು ಕಾಮೆಂಟ್ ಬರೆಯುವಾಗ ಆ ಕಥೆಗಾರರೊಬ್ಬರ ಜೊತೆ ಮಾತ್ರ ಮಾತಾಡುತ್ತಿಲ್ಲ. ಅವರ ಜಗಲಿಯಲ್ಲಿ ಕೂತಿರುವ ಎಲ್ಲರ ಎದುರು ಮಾತಾಡುತ್ತಿದ್ದೀರಿ.

ನನ್ನದೇ ಉದಾಹರಣೆ. ಒಬ್ಬರು ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ, ಎಡಕುಮೇರಿಯ ರೈಲು ಹಳಿಯ ಮೇಲೆ ನಡೆದುಹೋದದ್ದನ್ನು ಬರೆದಿದ್ದರು. ಕೆಳಗೆ ‘ಸೂಪರ್ ಟ್ರೆಕ್’, ‘ಫೋಟೋ ಹಾಕಿ’ ಅಂತ ಇತ್ತು. ನನ್ನ ತಂದೆ ಅದೇ ದಾರಿಯಲ್ಲಿ ಮೀಟರ್ ಗೇಜ್ ರೈಲಿನಲ್ಲಿ ಓಡಾಡಿದವರು. ಸುರಂಗ ಬಂದಾಗ ಬೋಗಿಯ ಮಕ್ಕಳೆಲ್ಲ ಒಟ್ಟಿಗೆ ‘ಹೋ’ ಅಂತ ಕೂಗುತ್ತಿದ್ದರಂತೆ, ಸುರಂಗ ಮುಗಿದ ತಕ್ಷಣ ಎಲ್ಲರಿಗೂ ನಾಚಿಕೆಯಾಗಿ ಸುಮ್ಮನಾಗುತ್ತಿದ್ದರಂತೆ. ಇದನ್ನೇ ಆರು ಸಾಲಿನಲ್ಲಿ ಬರೆದೆ. ‘ನೀವು ಸುರಂಗದೊಳಗೆ ಕೂಗಿದಿರಾ?’ ಅಂತ ಕೇಳಿದೆ. ನನ್ನ ಬ್ಲಾಗಿನ ಹೆಸರು ಎತ್ತಲಿಲ್ಲ.

ಅವರು ಮೂರನೇ ದಿನ ಉತ್ತರ ಬರೆದರು. ಮುಂದಿನ ವಾರ ತಮ್ಮ ಬ್ಲಾಗಿನ ಬದಿಯಲ್ಲಿ ‘ನಾನು ಓದುವ ಬ್ಲಾಗುಗಳು’ ಪಟ್ಟಿಗೆ ನನ್ನದನ್ನೂ ಸೇರಿಸಿದರು. ಆ ಒಂದು ಪಟ್ಟಿಯಿಂದ ನನಗೆ ದಿನಕ್ಕೆ 30 ಜನ ಬರತೊಡಗಿದರು. ಅವತ್ತಿಗೆ ಅದು ಜಾತ್ರೆ ನನಗೆ. ಅದರಲ್ಲಿ ಇಬ್ಬರು ಇವತ್ತಿಗೂ ನನ್ನ ಪ್ರತಿ ಬರಹದ ಮೊದಲ ಓದುಗರು.

ಆಮೇಲೆ ಫೇಸ್‌ಬುಕ್ ಬಂತು, ಮಾತೆಲ್ಲ ಅಲ್ಲಿಗೆ ಹೋಯಿತು. 2014ರಲ್ಲಿ ಪ್ರತಿಲಿಪಿ ಶುರುವಾಯಿತು. ಮೊಬೈಲಿನಲ್ಲಿ ಕಥೆ ಓದುವ ದೊಡ್ಡ ಬಳಗವೇ ಹುಟ್ಟಿಕೊಂಡಿತು. ಜಾಗ ಬದಲಾಗಿದೆ, ಕೆಲಸ ಬದಲಾಗಿಲ್ಲ. ಇನ್ನೊಬ್ಬರದನ್ನು ಪೂರ್ತಿ ಓದಬೇಕು, ಓದಿದ್ದೀರಿ ಅನ್ನುವುದು ನಿಮ್ಮ ಮಾತಿನಲ್ಲಿ ಕಾಣಬೇಕು.

ರಾತ್ರಿಪಾಳಿ, ಪೀಣ್ಯ

ಸರ್, ನೀವು ಹೇಳಿದ್ದು ಕೇಳಲು ಚೆನ್ನಾಗಿದೆ. ಆದರೆ ನನ್ನ ಕಷ್ಟ ಬೇರೆ.

ನಾನು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವನು. ಬರೆಯಲು ದಿನಕ್ಕೆ ಸಿಗುವುದು ಒಂದು ಗಂಟೆ. ಅದೂ ಸಿಕ್ಕರೆ. ಆ ಗಂಟೆಯನ್ನು ಬೇರೆಯವರ ಕಥೆಗೆ ಕೊಟ್ಟರೆ ನನ್ನದು ಬರೆಯುವುದು ಯಾವಾಗ?

ಇನ್ನೊಂದು ಮಾತು. ಬರೆಯುವವರು ನಿಜವಾದ ಓದುಗರಲ್ಲ ಅಂತ ನನಗೆ ಅನಿಸುತ್ತದೆ. ನಮ್ಮಮ್ಮ ಓದುವವಳು. ‘ಸುಧಾ’ ಬಂದರೆ ಮೊದಲು ಧಾರಾವಾಹಿಯ ಪುಟ ತೆಗೆಯುತ್ತಿದ್ದಳು. ಯಾರು ಬರೆದದ್ದು, ಹೇಗೆ ಬರೆದದ್ದು ಅಂತ ನೋಡುತ್ತಿರಲಿಲ್ಲ. ಕಥೆಯಲ್ಲಿ ಮುಳುಗುತ್ತಿದ್ದಳು, ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಬರೆಯುವವನು ಹಾಗೆ ಓದುವುದಿಲ್ಲ, ಅಳತೆ ಮಾಡುತ್ತಾ ಓದುತ್ತಾನೆ. ನನಗೆ ಬೇಕಾದವರು ನಮ್ಮಮ್ಮನಂಥವರು. 60 ಜನ ಬರಹಗಾರರನ್ನು ಕಟ್ಟಿಕೊಂಡು ಅವರನ್ನು ಹುಡುಕುವುದು ಹೇಗೆ?

ಬೆಣ್ಣೆದೋಸೆ, ದಾವಣಗೆರೆ

ನಾನು ಬರೆಯುವವಳಲ್ಲ, ಬರೀ ಓದುವವಳು. ರಾತ್ರಿಪಾಳಿ ಅವರು ಹೇಳಿದ ‘ಅಮ್ಮನಂಥವರು’ ಅಂದರೆ ನಾನೇ ಇರಬೇಕು! ಶಾಲೆಯ ಕೆಲಸದಿಂದ ನಿವೃತ್ತಿಯಾಗಿದೆ. ದಿನಕ್ಕೆ ಎರಡು ಕಥೆ ಓದುತ್ತೇನೆ, ಒಂದು ಮಧ್ಯಾಹ್ನ, ಒಂದು ಮಲಗುವ ಮುಂಚೆ.

ನಾನು ಹೊಸ ಬರಹಗಾರರನ್ನು ಹುಡುಕುವುದು ಹೇಗೆ ಅಂತ ಹೇಳುತ್ತೇನೆ ಕೇಳಿ. ಕಥೆ ಮುಗಿದ ಮೇಲೆ ಕೆಳಗಿನ ಮಾತುಗಳನ್ನೆಲ್ಲ ಓದುತ್ತೇನೆ. ಕಥೆ ಮುಗಿದ ಬೇಜಾರು ಕಳೆಯಲಿಕ್ಕೆ ಅದು ಬೇಕು ನನಗೆ. ‘ನನ್ನ ಕಥೆಯನ್ನೂ ಓದಿ’ ಅಂತ ಇದ್ದರೆ ಮುಟ್ಟುವುದೂ ಇಲ್ಲ. ನಾನು ಓದುವಾಗ ನೋಡದೇ ಬಿಟ್ಟದ್ದನ್ನು ಯಾರಾದರೂ ಹೇಳಿದ್ದರೆ ಅವರ ಹೆಸರು ಒತ್ತುತ್ತೇನೆ. ನನಗೆ ಇಷ್ಟವಾದ ಬರಹಗಾರರೇ ‘ಇಂಥವರ ಕಥೆ ಓದಿ, ಚೆನ್ನಾಗಿದೆ’ ಅಂತ ಹೇಳಿದರೆ ಅವತ್ತೇ ಓದುತ್ತೇನೆ. ಪಕ್ಕದ ಮನೆಯವರು ಒಳ್ಳೆ ಸೀರೆ ಅಂಗಡಿ ತೋರಿಸಿದ ಹಾಗೆ ಅದು. ನಾನು ಈಗ ತಪ್ಪದೇ ಓದುವ ಆರು ಜನರಲ್ಲಿ ನಾಲ್ವರು ಹೀಗೆ ಸಿಕ್ಕವರು. ಹಾಗಾಗಿ ರಾತ್ರಿಪಾಳಿ ಅವರೇ, ನಮ್ಮಂಥವರ ಮನೆಗೆ ದಾರಿ ಇನ್ನೊಬ್ಬ ಬರಹಗಾರರ ಮನೆ ಮುಂದಿನಿಂದಲೇ ಹೋಗುತ್ತದೆ.

ಒಂದು ಸಲ ಒಬ್ಬರು ನಮ್ಮೂರಿನ ಹತ್ತಿ ಗಿರಣಿಯ ಕಾಲದ ಕಥೆ ಬರೆದಿದ್ದರು. ನಮ್ಮಪ್ಪ ಗಿರಣಿಯಲ್ಲಿ ಇದ್ದವರು. ಕಥೆಯಲ್ಲಿ ಎಲ್ಲರೂ ಗಡಿಯಾರ ನೋಡಿ ಹೊರಡುತ್ತಿದ್ದರು. ನಮ್ಮ ಮನೆಯಲ್ಲಿ ಗಡಿಯಾರವೇ ಇರಲಿಲ್ಲ, ಗಿರಣಿಯ ಕೂಗೇ ಗಡಿಯಾರ. ಅನ್ನಕ್ಕೆ ಇಡುವುದೂ ಅದನ್ನು ಕೇಳಿಯೇ. ಹೆದರಿ ಹೆದರಿ ಅದನ್ನು ಬರೆದೆ. ಅವರು ‘ಅಮ್ಮ, ಇದು ನನಗೆ ಗೊತ್ತಿರಲಿಲ್ಲ, ಕಥೆಗೆ ಸೇರಿಸಲಾ?’ ಅಂತ ಕೇಳಿದರು. ಸೇರಿಸಿದರು ಕೂಡ. ನಾನು ಆ ಕಥೆಯನ್ನು ನಮ್ಮ ವಾಕಿಂಗ್ ಗುಂಪಿನ ಒಂಬತ್ತು ಜನಕ್ಕೆ ಕಳಿಸಿದೆ. ಅವರು ಉತ್ತರವನ್ನೇ ಕೊಡದಿದ್ದರೆ ಕಳಿಸುತ್ತಿದ್ದೆನಾ?

ಅಪ್ಪೆಮಿಡಿ, ಶಿರಸಿ

ಬೆಣ್ಣೆದೋಸೆ ಅಮ್ಮ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಒಳ್ಳೆಯದಾಯಿತು.

ಹಳೇಬ್ಲಾಗು ಸರ್, ಒಂದು ಸಂಕೋಚ ಇದೆ. ಕಥೆ ಇಷ್ಟವಾದರೂ ‘ಚೆನ್ನಾಗಿದೆ’ ಬಿಟ್ಟು ಬೇರೆ ಏನು ಬರೆಯಬೇಕು ಅಂತ ತೋಚುವುದಿಲ್ಲ. ದೊಡ್ಡವರ ಕಥೆಗೆ ನಾನೇನು ಹೇಳುವುದು ಅನಿಸುತ್ತದೆ. ಇಷ್ಟವಾಗದಿದ್ದರೆ ಇನ್ನೂ ಕಷ್ಟ. ಏನು ಮಾಡಲಿ?

ಹಳೇಬ್ಲಾಗು, ಬೆಂಗಳೂರು

ಇಷ್ಟವಾಗದ ಕಥೆಯ ವಿಚಾರ ಮೊದಲು ಮುಗಿಸುತ್ತೇನೆ. ಏನೂ ಬರೆಯಬೇಡಿ. ಸುಳ್ಳು ಹೊಗಳಿಕೆಯೂ ಬೇಡ, ಎಲ್ಲರೆದುರು ತಪ್ಪು ಹುಡುಕುವುದೂ ಬೇಡ. ಕಾಗುಣಿತ, ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳಿದ್ದರೆ ಅವರೊಬ್ಬರಿಗೇ ಸಂದೇಶ ಕಳಿಸಿ. ಅದನ್ನು ಜನ ಜೀವಮಾನ ಇಡೀ ನೆನೆಯುತ್ತಾರೆ. ‘ಅಧರ’ ಅಂತ ಬರೆಯಲು ಹೋಗಿ ‘ಆದರ’ ಅಂತ ಬರೆದಿದ್ದೆ ನಾನೊಮ್ಮೆ, ಒಬ್ಬರು ಗುಟ್ಟಾಗಿ ಹೇಳಿ ಮಾನ ಉಳಿಸಿದರು.

ಇಷ್ಟವಾದದ್ದಕ್ಕೆ ಏನು ಬರೆಯುವುದು? ನಿನ್ನೆ ರಾತ್ರಿ ನಿಮ್ಮ ಭರಣಿಯ ಕಥೆ ಹುಡುಕಿ ಓದಿದೆ. ಪೂರ್ತಿ ಇದ್ದದ್ದನ್ನೇ. ಅದಕ್ಕೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

‘ಹಿಸ್ಸೆಯಾದ ಮನೆಯ ಕಥೆಗಳನ್ನು ತುಂಬಾ ಓದಿದ್ದೇನೆ. ಅಲ್ಲಿ ಯಾರಾದರೂ ಜಗಳ ಆಡಿಯೇ ಆಡುತ್ತಾರೆ. ಇಲ್ಲಿ ಯಾರೂ ದನಿ ಎತ್ತುವುದಿಲ್ಲ. ಅತ್ತೆ ಭರಣಿಗೆ ದಾರ ಮೂರು ಸುತ್ತು ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಾರಲ್ಲ, ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಎದ್ದು ನೀರು ಕುಡಿದು ಬಂದೆ. ನನ್ನ ಅಜ್ಜಿ ಊರು ಬಿಡುವಾಗ ಬಾಗಿಲಿಗೆ ಹೀಗೇ ಎರಡು ಸಲ ಬೀಗ ಹಾಕಿದ್ದಳು. ಒಂದು ಕೇಳಬೇಕು: ಆ ಭರಣಿ ಕೊನೆಗೆ ಯಾರ ಪಾಲಿಗೆ ಹೋಯಿತು ಅಂತ ನೀವು ಬೇಕಂತಲೇ ಹೇಳಲಿಲ್ವಾ?’

ನೋಡಿ, ಇದರಲ್ಲಿ ವಿದ್ವತ್ತು ಏನೂ ಇಲ್ಲ. ಕಥೆಯಲ್ಲಿ ನಿಂತ ಜಾಗ ತೋರಿಸಿದೆ. ಅಲ್ಲಿ ನನಗೆ ಏನಾಯಿತು ಅಂತ ಹೇಳಿದೆ. ನನಗೆ ನಿಜವಾಗಿ ಗೊತ್ತಾಗಬೇಕಿದ್ದ ಒಂದು ವಿಷಯ ಕೇಳಿದೆ. ದೊಡ್ಡ ಬರಹಗಾರರೂ ಇಂಥ ಒಂದು ಕಾಮೆಂಟಿಗಾಗಿ ವಾರಗಟ್ಟಲೆ ಕಾಯುತ್ತಾರೆ. ಹಿಂಜರಿಯಬೇಡಿ.

ಸಾಧನಕೇರಿ, ಧಾರವಾಡ

ಇಲ್ಲಿಯ ಮಾತು ಓದುತ್ತಾ ನಮ್ಮೂರಿನ ಹಳೆಯ ಸಂಗತಿ ನೆನಪಾದವು. ಹೇಳದೆ ಇರಲಿಕ್ಕೆ ಆಗುವುದಿಲ್ಲ.

ಗಳಗನಾಥರ ಹೆಸರು ಕೇಳಿದ್ದೀರಲ್ಲ. ಕನ್ನಡದಲ್ಲಿ ಕಾದಂಬರಿ ಓದುವ ರೂಢಿ ಹಚ್ಚಿದವರಲ್ಲಿ ಮೊದಲಿಗರು. 1942ರಲ್ಲಿ ತೀರಿಕೊಂಡರು. ತಾವೇ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತುಕೊಂಡು ಊರೂರು ನಡೆದು ಮಾರಿದರು. ಓದುಗರನ್ನು ಒಬ್ಬೊಬ್ಬರಾಗಿ, ಒಂದೊಂದು ಮನೆಯ ಕಟ್ಟೆಯ ಮೇಲೆ ಸಂಪಾದಿಸಿದವರು ಅವರು. ಕೊನೆಗಾಲ ಬಡತನದಲ್ಲೇ ಹೋಯಿತು. ಅಷ್ಟು ದೊಡ್ಡ ಜೀವ ಒಬ್ಬರೇ ಭಾರ ಹೊತ್ತರು ಅನ್ನುವುದು ನನಗೆ ಯಾವತ್ತೂ ಕಾಡುತ್ತದೆ.

ಅದೇ ನಾಡಿನಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಬೆಳೆಯಿತು. ಶಂಬಾ ಜೋಶಿ, ಗೋಕಾಕ, ಮುಗಳಿ, ಬೆಟಗೇರಿ ಕೃಷ್ಣಶರ್ಮರು ಎಲ್ಲ ಅದರಲ್ಲಿದ್ದರು. ಕವಿತೆ, ಲೇಖನ ಏನೇ ಇರಲಿ, ಮೊದಲು ಗೆಳೆಯರ ಎದುರು ಓದುವುದು. ಆದರೆ ಅವರು ಬರೇ ಒಬ್ಬರದೊಬ್ಬರು ಕೇಳಿ ತಲೆದೂಗಿ ಮನೆಗೆ ಹೋಗಲಿಲ್ಲ. ಆಲೂರು ವೆಂಕಟರಾಯರು ಶುರು ಮಾಡಿದ್ದ ‘ಜಯಕರ್ನಾಟಕ’ದಂಥ ಪತ್ರಿಕೆಗಳಲ್ಲಿ ದುಡಿದರು, ಗೆಳೆಯರ ಬರಹವನ್ನು ಗುಂಪಿನ ಆಚೆಗಿನ ಜನರಿಗೆ ಮುಟ್ಟಿಸಿದರು. ಅಪ್ಪೆಮಿಡಿ ಅಕ್ಕಾವ್ರು ಬಿಟ್ಟು ಬಂದ ಗುಂಪಿಗೂ ಇದಕ್ಕೂ ಇರುವ ಅಂತರ ಇದೇ ಅಲ್ಲೇನು? ಆ ಗುಂಪಿಗೆ ಹೊರಗಿನ ಬಾಗಿಲೇ ಇರಲಿಲ್ಲ. 60 ಜನ ಒಳಗೇ ಸುತ್ತಿದರು. ಒಬ್ಬ ಓದುಗನೂ ಒಳಗೆ ಬರಲಿಲ್ಲ.

ನಮ್ಮೂರಿನ ಪುಸ್ತಕ ಪ್ರಕಾಶನ ಮನೋಹರ ಗ್ರಂಥಮಾಲೆಯದೂ ಹಾಗೇ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದರು. ಓದುಗರು ಮೊದಲೇ ಚಂದಾ ಕೊಟ್ಟು ಪುಸ್ತಕಕ್ಕೆ ಕಾಯುತ್ತಿದ್ದರು. ಯಾವ ಪುಸ್ತಕ ಬರುತ್ತದೆ ಅಂತಲ್ಲ, ಇವರು ಆರಿಸಿದ್ದು ಓದುವ ಹಾಗೆ ಇರುತ್ತದೆ ಅನ್ನುವ ನಂಬಿಗೆಗೆ ಕೊಟ್ಟ ದುಡ್ಡು ಅದು. ಆ ಅಂಗಡಿಯ ಮೇಲಿನ ಅಟ್ಟದಲ್ಲಿ ಬರಹಗಾರರು ಕೂತು ತಾಸುಗಟ್ಟಲೆ ಹರಟಿದ್ದಾರೆ, ವಾದ ಮಾಡಿದ್ದಾರೆ. ಕುರ್ತಕೋಟಿಯವರಂಥ ವಿಮರ್ಶಕರು ಅಲ್ಲಿ ಕೂತು ಹೊಸಬರ ಹಸ್ತಪ್ರತಿ ಓದಿದ್ದಾರೆ. ಅಟ್ಟದ ಮೇಲೆ ಬರಹಗಾರರು, ಕೆಳಗೆ ಚಂದಾದಾರರು. ಎರಡಕ್ಕೂ ನಡುವೆ ಒಂದು ಏಣಿ. ನಮಗೆ ಬೇಕಾದದ್ದು ಆ ಏಣಿ.

ಕಡಲತಡಿ, ಕುಂದಾಪುರ

ಸಾಧನಕೇರಿ ಅವರು ಹೇಳಿದ ಏಣಿಯ ಥರದ್ದೇ ಒಂದನ್ನು ನಾವು ಐದು ಜನ ಕಟ್ಟಿದ್ದೇವೆ. ಎರಡು ವರ್ಷ ಆಯಿತು. ಒಬ್ಬರು ರಾಯಚೂರು, ಒಬ್ಬರು ಕೊಳ್ಳೇಗಾಲ, ಒಬ್ಬರು ತುಮಕೂರು, ಇನ್ನೊಬ್ಬರು ಮುಂಬೈ. ಒಬ್ಬರ ಮುಖ ಇನ್ನೊಬ್ಬರು ನೋಡಿದ್ದು ಒಂದೇ ಸಲ.

ತಿಂಗಳಿಗೊಂದು ವಿಷಯ ಇಟ್ಟುಕೊಳ್ಳುತ್ತೇವೆ. ಮೊದಲ ತಿಂಗಳು ‘ಕೊನೆಯ ಬಸ್ಸು’. ಐದೂ ಜನ ಅದರ ಮೇಲೆ ಒಂದೊಂದು ಕಥೆ ಬರೆದು ಒಂದೇ ವಾರದಲ್ಲಿ ಹಾಕುತ್ತೇವೆ. ನನ್ನ ಕಥೆ ಮುಗಿದ ಮೇಲೆ ಕೆಳಗೆ ಎರಡು ಸಾಲು ಇರುತ್ತದೆ: ರಾಯಚೂರಿನವರು ಇದೇ ಬಸ್ಸನ್ನು ಹೇಗೆ ನೋಡಿದ್ದಾರೆ, ಅದರಲ್ಲಿ ನನಗೆ ಹಿಡಿಸಿದ್ದು ಏನು, ಮತ್ತೆ ಲಿಂಕ್. ನಿಯಮ ಒಂದೇ. ಓದದೇ ಯಾರದ್ದೂ ಹೆಸರು ಹಾಕುವಂತಿಲ್ಲ. ಇಷ್ಟವಾಗದಿದ್ದರೆ ಆ ತಿಂಗಳು ಹಾಕುವುದಿಲ್ಲ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನದೊಂದು ಕಥೆಯನ್ನು ನಾಲ್ವರಲ್ಲಿ ಮೂವರು ಹಾಕಲಿಲ್ಲ. ಎರಡು ದಿನ ಊಟ ರುಚಿಸಲಿಲ್ಲ. ಆಮೇಲೆ ಓದಿ ನೋಡಿದರೆ ಅವರು ಹೇಳಿದ್ದು ಸರಿಯೇ ಇತ್ತು.

ಲೆಕ್ಕ ಕೇಳುತ್ತೀರಾದರೆ ನನಗೆ ಮೊದಲು 70 ಜನ ಓದುಗರಿದ್ದರು. ಬಸ್ಸಿನ ವಾರ 260 ಜನ ಬಂದರು. ಅವರೆಲ್ಲ ಉಳಿಯಲಿಲ್ಲ. ಮುಂದಿನ ಕಥೆಗೆ 150. ಅಲ್ಲಿಂದ ನಿಧಾನ ಏರುತ್ತಿದೆ. ಒಬ್ಬೊಬ್ಬರ ಓದುಗರು ಬೇರೆ ಬೇರೆ ಊರಿನವರು, ಬೇರೆ ಬೇರೆ ಕನ್ನಡದವರು. ಅದಕ್ಕೇ ಇದು ಕೆಲಸ ಮಾಡಿತು. ಐವರೂ ಕುಂದಾಪುರದವರೇ ಆಗಿದ್ದರೆ ಓದುಗರೂ ಅವರೇ ಆಗಿರುತ್ತಿದ್ದರು.

ಇನ್ನೊಂದು ಸಂಗತಿ ಹೇಳಲೇಬೇಕು. ನನ್ನ ಯಕ್ಷಗಾನದ ಕಥೆಯೊಂದನ್ನು ಮೊದಲ ಪ್ರತಿಯಲ್ಲೇ ರಾಯಚೂರಿನ ಗೆಳೆಯರಿಗೆ ಕಳಿಸಿದ್ದೆ. ‘ಚೌಕಿ ಅಂದರೆ ಏನ್ರಿ?’ ಅಂತ ಕೇಳಿದರು. ವೇಷ ಕಟ್ಟುವ ಕೋಣೆ ಅಂತ ಹೇಳಿದೆ. ಹಾಗಾದರೆ ನಮ್ಮಂಥವರಿಗೂ ಗೊತ್ತಾಗುವ ಹಾಗೆ ಬಣ್ಣದ ವಾಸನೆ, ದೀಪ ಏನಾದರೂ ಹೇಳಿ ಅಂದರು. ಸೇರಿಸಿದೆ. ಆರು ತಿಂಗಳ ಮೇಲೆ ಅವರ ನೆಂಟರ ವಾಟ್ಸಾಪ್ ಗುಂಪಿಗೆ ಒಂದು ಕಥೆ ಬಂತಂತೆ. ನನ್ನದೇ. ಹೆಸರು ತೆಗೆದುಹಾಕಿದ್ದರು. ಯಾರು ಮೊದಲು ಹಾಗೆ ಕಳಿಸಿದರೋ ಇವತ್ತಿಗೂ ಗೊತ್ತಿಲ್ಲ. ‘ಚೌಕಿ’ ಅನ್ನುವ ಪದ ಕಂಡ ಕೂಡಲೇ ಅವರಿಗೆ ಗೊತ್ತಾಯಿತು. ಅಲ್ಲೇ ‘ಇದು ಇಂಥವರ ಕಥೆ, ನಾನು ಮೊದಲ ಪ್ರತಿಯಲ್ಲೇ ಓದಿದ್ದೇನೆ’ ಅಂತ ಬರೆದು ನನ್ನ ಪುಟದ ಲಿಂಕ್ ಹಾಕಿದರು. ಅವತ್ತು ರಾತ್ರಿ ರಾಯಚೂರು, ಸಿಂಧನೂರು ಕಡೆಯಿಂದ ಸಂದೇಶಗಳು ಬಂದವು. ಯಕ್ಷಗಾನವನ್ನು ಒಮ್ಮೆಯೂ ನೋಡದವರು. ನಾನೊಬ್ಬಳೇ ಇದ್ದಿದ್ದರೆ ಆ ಕಥೆ ಅನಾಥವಾಗಿ ಊರು ಸುತ್ತುತ್ತಲೇ ಇರುತ್ತಿತ್ತು.

ದೂರದೂರು, ಟೊರೊಂಟೊ

ಚಿಕ್ಕದಾಗಿ ಒಂದು ಮಾತು. ನಾನು ಕವಿತೆ ಬರೆಯುತ್ತೇನೆ, ಆದರೆ ನನ್ನ ಬಳಗ ಬೆಳೆದದ್ದು ಬೇರೆಯವರ ಕಥೆಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿದ್ದರಿಂದ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಬರೆದವರಿಗೆ ಮೊದಲು ಪತ್ರ ಬರೆದು ಒಪ್ಪಿಗೆ ಕೇಳುತ್ತೇನೆ. ಹೆಸರು ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಹೇಳುತ್ತೇನೆ. ಇಲ್ಲಿನ ಕನ್ನಡದವರು ಕಾರು ಓಡಿಸುವಾಗ ಕೇಳುತ್ತಾರೆ. ಕೇಳಿದವರು ಬರೆದವರ ಪುಟಕ್ಕೂ ಹೋಗುತ್ತಾರೆ, ನನ್ನ ಕವಿತೆಗೂ ಬರುತ್ತಾರೆ. ಒಪ್ಪಿಗೆ ಕೇಳಿದಾಗ ಇದುವರೆಗೆ ಒಬ್ಬರೂ ಬೇಡ ಅಂದಿಲ್ಲ. ಅಪ್ಪೆಮಿಡಿ ಅವರೇ, ಭರಣಿಯ ಕಥೆ ಓದಲಾ?

ರಾತ್ರಿಪಾಳಿ, ಪೀಣ್ಯ

ಎಲ್ಲರ ಮಾತೂ ಓದಿದೆ. ಬೆಣ್ಣೆದೋಸೆ ಅಮ್ಮನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅದು ನಿಜ.

ಆದರೂ ಸಮಯದ ಪ್ರಶ್ನೆ ಹಾಗೇ ಉಳಿಯಿತು. ನಾನು ಲೆಕ್ಕ ಹಾಕಿದೆ. ದಿನಾ ಹತ್ತು ಕಥೆಗೆ ಹೋಗಿ ಬರಲು ನನ್ನಿಂದ ಆಗುವುದಿಲ್ಲ, ಯಾರಿಂದಲೂ ಆಗಬಾರದು. ವಾರಕ್ಕೆ ಒಂದು ಕಥೆ, ಭಾನುವಾರ, ಪೂರ್ತಿ ಓದಿ ಒಂದು ಒಳ್ಳೆಯ ಕಾಮೆಂಟ್. ಅಷ್ಟು ಆಗುತ್ತದೆ. ಇಂದು ಶುರು ಮಾಡಿದೆ. ಭರಣಿಯ ಕಥೆಗೇ ಬರೆದಿದ್ದೇನೆ ಅಕ್ಕ, ನೋಡಿ.

ಕಡಲತಡಿ ಅವರಿಗೆ ಒಂದು ಪ್ರಶ್ನೆ. ಐದು ಜನ ಸ್ನೇಹಿತರಾದ ಮೇಲೆ ಇಷ್ಟವಾಗಿಲ್ಲ ಅಂತ ಹೇಳುವುದು ಕಷ್ಟ ಆಗುವುದಿಲ್ವಾ?

ಕಡಲತಡಿ, ಕುಂದಾಪುರ

ಆಗುತ್ತದೆ. ಮೊದಲ ವರ್ಷಕ್ಕಿಂತ ಈಗಲೇ ಜಾಸ್ತಿ ಕಷ್ಟ. ಅದಕ್ಕೇ ಹಾಕುವ ಮುಂಚೆ ಮೊದಲ ಪ್ರತಿಯನ್ನು ಓದಿಸುವುದು. ಆಗ ಹೇಳಿದರೆ ತಿದ್ದಲು ಅವಕಾಶ ಇರುತ್ತದೆ, ಮನಸ್ಸಿಗೂ ಅಷ್ಟು ನೋವಾಗುವುದಿಲ್ಲ. ಹಾಕಿದ ಮೇಲೆ ಹೇಳಿದರೆ ಬರೀ ನೋವು ಉಳಿಯುತ್ತದೆ. ಬರೆದು ಹೇಳುವುದಕ್ಕಿಂತ ಫೋನ್ ಮಾಡಿ ಹೇಳಿ. ದನಿಯಲ್ಲಿ ಪ್ರೀತಿ ಗೊತ್ತಾಗುತ್ತದೆ.

ಅಪ್ಪೆಮಿಡಿ, ಶಿರಸಿ (ಆರು ವಾರದ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಏನಾಯಿತು ಅಂತ ಹೇಳಬೇಕು ಅನಿಸಿತು.

ಮೂರು ಜನ ಬರಹಗಾರರನ್ನು ಆರಿಸಿಕೊಂಡೆ. ಹೊಸದನ್ನಷ್ಟೇ ಅಲ್ಲ, ಅವರ ಹಳೆಯ ಕಥೆಗಳನ್ನೂ ಹುಡುಕಿ ಓದಿದೆ. ಹಳೆಯ ಕಥೆಗೆ ಕಾಮೆಂಟ್ ಬಂದರೆ ಅವರಿಗೆ ಎಷ್ಟು ಖುಷಿಯಾಗುತ್ತದೆ ಅಂತ ಆಗ ಗೊತ್ತಾಯಿತು. ಒಟ್ಟು 14 ಕಾಮೆಂಟ್ ಬರೆದೆ. ಮೊದಲನೆಯದಕ್ಕೆ ಒಂದು ಗಂಟೆ ಹಿಡಿಯಿತು. ಈಗ ಹತ್ತು ನಿಮಿಷ ಸಾಕು. ಇಬ್ಬರು ಉತ್ತರ ಕೊಟ್ಟು ಮಾತಿಗೆ ಸಿಕ್ಕರು. ಮೂರನೆಯವರು ಇನ್ನೂ ಏನೂ ಹೇಳಿಲ್ಲ. ಪರವಾಗಿಲ್ಲ, ಅವರ ಕಥೆಗಳು ಅಷ್ಟು ಚೆನ್ನಾಗಿವೆ, ಓದುವುದು ನಿಲ್ಲಿಸುವುದಿಲ್ಲ.

ಟೊರೊಂಟೊದವರು ಭರಣಿಯ ಕಥೆ ಓದಿ ಕಳಿಸಿದರು. ನನ್ನ ಅತ್ತೆಯ ಮಾತು ಅವರ ದನಿಯಲ್ಲಿ ಕೇಳಿದಾಗ ಕಣ್ಣು ತುಂಬಿತು. ಅದು ಬಂದ ಮೇಲೆ, ಈ ಕಥೆಯ ಓದುಗರು 48 ಇದ್ದವರು 130 ಆಗಿದ್ದಾರೆ. ಸ್ಟಾರ್ ಕೊಟ್ಟವರು ಹೆಚ್ಚಿಲ್ಲ. ಆದರೆ ಕೆಳಗೆ ಒಂಬತ್ತು ಜನ ಓದಿ ಬರೆದ ಮಾತುಗಳಿವೆ.

ಅದರಲ್ಲಿ ಒಂದನ್ನು ನಿಮಗೆ ಹೇಳಲೇಬೇಕು. ಸಾಗರದ ಒಬ್ಬರು, ಹೆಸರು ಕೂಡ ಹಾಕಿಲ್ಲ, ಹೀಗೆ ಕೇಳಿದ್ದಾರೆ: ‘ಅಪ್ಪೆಮಿಡಿಯನ್ನು ತೊಟ್ಟು ಉಳಿಸಿಯೇ ಉಪ್ಪಿಗೆ ಹಾಕುವುದು. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಮಿಡಿ ಬಾಳುವುದಿಲ್ಲ. ಇಷ್ಟು ವರ್ಷ ಉಪ್ಪಿನಕಾಯಿ ಹಾಕಿದ ಅತ್ತೆಗೆ ಅದು ಗೊತ್ತಿರಲಿಲ್ವಾ? ನಿಮ್ಮ ಕಥೆಯಲ್ಲಿ ಅವರು ಒಂದೊಂದೇ ತೊಟ್ಟು ಮುರಿದು ಭರಣಿಗೆ ಹಾಕುತ್ತಾರೆ. ಅವರಿಗೆ ಅದು ಉಳಿಯುವುದು ಬೇಕಿರಲಿಲ್ಲ, ಅಲ್ವಾ?’

ಇಡೀ ಕಥೆ ನಾನು ಬರೆದದ್ದೇ ಆ ತೊಟ್ಟುಗಳಿಗಾಗಿ. ಎಲ್ಲಿಯೂ ಬಿಡಿಸಿ ಹೇಳಿರಲಿಲ್ಲ. ಗುಂಪಿನಲ್ಲಿ ಬಂದ ಆ 11 ಸ್ಟಾರ್, ಆಮೇಲೆ ಬಂದ ಎಲ್ಲ ‘ಅದ್ಭುತ’ಗಳಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ಇವರು ನನಗೆ ಸಿಕ್ಕಿದ್ದು ಹೇಗೆ ಅಂತ ಕೇಳಿದೆ. ನಾನು ಇನ್ನೊಬ್ಬರ ಕಥೆಯ ಕೆಳಗೆ ಬರೆದಿದ್ದ ಕಾಮೆಂಟ್ ಓದಿ ಬಂದರಂತೆ.

ಈಗ ನಾವು ನಾಲ್ವರು ಸೇರಿ ಕಡಲತಡಿ ಅವರ ಹಾಗೆ ತಿಂಗಳ ಕಥೆ ಶುರು ಮಾಡುತ್ತಿದ್ದೇವೆ. ಸಾಧನಕೇರಿ ಅವರ ಮಾತಿನ ನೆನಪಿಗೆ ಮೊದಲ ವಿಷಯ ‘ಅಟ್ಟ’. ಐದನೆಯವರಿಗೆ ಜಾಗ ಇದೆ. ರಾತ್ರಿಪಾಳಿ ಅವರೇ, ನೀವು ಬರುತ್ತೀರಾ? ಬರುವುದಾದರೆ ಮೊದಲ ಪ್ರತಿ ಭಾನುವಾರದೊಳಗೆ ಬೇಕು.

ರಾತ್ರಿಪಾಳಿ, ಪೀಣ್ಯ

ಶನಿವಾರ ಪಾಳಿ ಇಲ್ಲ ಅಕ್ಕ. ಕೂತು ಬರೆದು ಕಳಿಸುತ್ತೇನೆ. ಇಷ್ಟವಾಗದಿದ್ದರೆ ಫೋನ್ ಮಾಡಿ ಹೇಳಿ.